ಮಡ್ ಬ್ಲಾಕ್ ಬಿಲ್ಲಿನಲ್ಲಿ ಬಲದ ಅಂಕಿ ಏಕೆ ಇಳಿದಿದೆ

ಮಾನ್ಯ ಗ್ರಾಹಕರೆ,

ಮುಂದಿನ ತಿಂಗಳಿಂದ ನಮ್ಮ ಸಿಮೆಂಟ್ ಬೆರೆಸಿದ ಮಡ್ ಬ್ಲಾಕ್‌ಗಳ ಬಿಲ್ಲಿನಲ್ಲಿ ಒಣ ಬಲದ ಬದಲು ನೆನೆಸಿದ ಬಲವನ್ನು ಬರೆಯುತ್ತೇವೆ. ಬಲ ಎಂದರೆ ಬ್ಲಾಕ್ ಒಡೆಯುವ ಮೊದಲು ಪ್ರತಿ ಚದರ ಮಿ.ಮೀ.ಗೆ ಹೊರುವ ಭಾರ. ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಗಾಬರಿ ಬೇಡ, ಮಣ್ಣು, ಅಚ್ಚು, ಶೇ 7ರ ಸಿಮೆಂಟು ಎಲ್ಲ ಹಿಂದಿನದೇ.

ಒಣಗಿದ ಜೇಡಿ ತಾನೇ ಅಂಟಿನ ಹಾಗೆ ಹಿಡಿದಿರುತ್ತದೆ. ಹೀಗಾಗಿ ಸಿಮೆಂಟು ಸರಿಯಾಗಿ ಬೆರೆಯದ ಬ್ಲಾಕ್ ಕೂಡ ಒಣ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ನೀರು ಹೊಕ್ಕರೆ ಆ ಅಂಟು ಬಿಟ್ಟು, ಸಿಮೆಂಟಿನ ಹಿಡಿತವಷ್ಟೇ ಉಳಿಯುತ್ತದೆ. ಮಳೆಗೆ ನೆನೆಯುವ ಗೋಡೆಗೆ ಬೇಕಾದ್ದು ಈ ಅಂಕಿಯೇ.

ಪರೀಕ್ಷೆ ಹೀಗೆ: 28 ದಿನ ತುಂಬಿದ ಬ್ಲಾಕನ್ನು 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ, ಗೋಡೆಯಲ್ಲಿ ಕೂರುವಂತೆಯೇ ಮಲಗಿಸಿ ಯಂತ್ರಕ್ಕೆ ಇಡುತ್ತೇವೆ. ಮೇಲೆ ಕೆಳಗೆ 3 ಮಿ.ಮೀ. ಪ್ಲೈವುಡ್. ಇದಿಲ್ಲದಿದ್ದರೆ ಉಬ್ಬಿದ ಒಂದು ಮೂಲೆಗೇ ಭಾರವೆಲ್ಲ ಬಿದ್ದು, ಗಟ್ಟಿ ಬ್ಲಾಕೂ ಬೇಗ ಸೀಳುತ್ತದೆ. ಒಡೆದಾಗಿನ ಭಾರವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಬಲ ಸಿಗುತ್ತದೆ. 230×190×100 ಮಿ.ಮೀ. ಬ್ಲಾಕಿನ ಮೇಲ್ಮೈ 43,700 ಚದರ ಮಿ.ಮೀ.; 3.5 ಎಂಪಿಎ (ಪ್ರತಿ ಚದರ ಮಿ.ಮೀ.ಗೆ 3.5 ನ್ಯೂಟನ್) ಬರಬೇಕಾದರೆ ಅದು 153 ಕಿಲೋನ್ಯೂಟನ್, ಅಂದರೆ ಸುಮಾರು ಹದಿನೈದೂವರೆ ಟನ್ ಹೊರಬೇಕು.

ಬೇರೆ ಅಳತೆಯ ಬ್ಲಾಕಿನ ಅಂಕಿಯ ಜೊತೆ ಇದನ್ನು ನೇರವಾಗಿ ಹೋಲಿಸಬೇಡಿ. ಎತ್ತರ ಕಮ್ಮಿಯಿದ್ದಷ್ಟೂ ಯಂತ್ರದ ತಟ್ಟೆಗಳು ಬ್ಲಾಕನ್ನು ಪಕ್ಕಕ್ಕೆ ಹಿಗ್ಗಲು ಬಿಡದೆ ಹಿಡಿಯುತ್ತವೆ, ಅಂಕಿ ಸುಮ್ಮನೆ ಏರುತ್ತದೆ. ಕಾಂಕ್ರೀಟಿನ ಬಲ ಪರೀಕ್ಷಿಸಲು ಎರಕ ಹೊಯ್ಯುವ ಕ್ಯೂಬಿನ ಜೊತೆಯಂತೂ ಹೋಲಿಕೆಯೇ ಸಲ್ಲ.

ಇನ್ನು ಮುಂದೆ 28 ದಿನಕ್ಕೆ ಮೊದಲು ಮಾಲು ಕಳಿಸುವುದಿಲ್ಲ. ಅದರಲ್ಲಿ 21 ದಿನ ಗೋಣಿ ಹೊದಿಸಿ ನೀರು ಚಿಮುಕಿಸುತ್ತೇವೆ. ನಡುವೆ ಒಂದೆರಡು ದಿನ ಬಿಸಿಲಿಗೆ ಒಣಗಿದರೂ ಅಂಚಿನ ಸಿಮೆಂಟು ಗಟ್ಟಿಯಾಗುವುದು ಅರ್ಧಕ್ಕೇ ನಿಲ್ಲುತ್ತದೆ. ಅಂಥ ಬ್ಲಾಕಿನ ಮೂಲೆ ನೆನೆದಾಗ ಉಗುರಿಗೇ ಉದುರುತ್ತದೆ.

ಮನೆಯಲ್ಲೇ ನೋಡುವುದಾದರೆ ಪೂರ್ತಿ ಒಣಗಿದ ಬ್ಲಾಕನ್ನು ತೂಗಿ. ಈ ಅಳತೆಯದು 7.8 ಕೆ.ಜಿ.ಗಿಂತ ಕಮ್ಮಿ ಇದ್ದರೆ ಅಚ್ಚಿಗೆ ಮಿಶ್ರಣ ಕಮ್ಮಿ ಬಿದ್ದಿದೆ ಎಂದರ್ಥ, ಬದಲಿಸಿ ಕೊಡುತ್ತೇವೆ. ಎರಡಂತಸ್ತಿನ ಗೋಡೆಗೆ ಹಳೆಯ ಕೊಟೇಶನ್ನಿನ ಅಂಕಿ ಹಿಡಿದು ಲೆಕ್ಕ ಹಾಕಿಸಿದ್ದರೆ, ಹೊಸ ಅಂಕಿಯನ್ನು ಕೆಲಸ ಶುರುವಾಗುವ ಮೊದಲೇ ನಿಮ್ಮ ಎಂಜಿನಿಯರಿಗೆ ತೋರಿಸಿ.

ಇಂತಿ,
ಸಹಕಾರಿ ಸಂಘದ ಪರವಾಗಿ, ತಯಾರಿಕಾ ವಿಭಾಗ