ಕುಡಿತ ಬಿಟ್ಟು ವರ್ಷ ಆಯ್ತು, ಕೆಲವರಿಗೆ ಥ್ಯಾಂಕ್ಸ್ ಹೇಳೋದಿದೆ

ನಿನ್ನೆಗೆ ಸರಿಯಾಗಿ ಒಂದು ವರ್ಷ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ನನ್ನನ್ನು ನೋಡಿರುವವರು ನಂಬಲ್ಲ ಅಂತ ಗೊತ್ತು. ಗೂಡು ಮಾರಿದ ದಿನ ನಾನು ನೆಟ್ಟಗೆ ಮನೆ ಸೇರಿದ್ದು ಕಡಿಮೆ. 2007ರಲ್ಲಿ ಸಾರಾಯಿ ನಿಂತಾಗ ಊರಿನ ಹೆಂಗಸರೆಲ್ಲ ಇನ್ನು ಮನೆಗಳು ಉಳಿದವು ಅಂದಿದ್ದರು. ನಾನು ಸಾರಾಯಿ ಪ್ಯಾಕೆಟ್ ಬಿಟ್ಟು ಬಾರಿನ ತೊಂಬತ್ತಕ್ಕೆ (90 ಎಂ.ಎಲ್.) ಬಂದೆ, ಅಷ್ಟೆ.

ಮೊದಲು ನನ್ನ ಹೆಂಡತಿಗೆ. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು (ರೇಷ್ಮೆ ಗೊತ್ತಿಲ್ಲದವರಿಗೆ: ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಾವು ಜ್ವರ ಅಂತೀವಿ). ಆ ವಾರ ನಾನು ಬದುವಿನ ಮೇಲೆ ಬಿದ್ದಿದ್ದೆ. ಅವಳೊಬ್ಬಳೇ ಸೊಪ್ಪು ಕುಯ್ದು, ಹೊತ್ತು ತಂದು, ಹುಳು ಹಣ್ಣಾದಾಗ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟು, ಕೊನೆಗೆ ಮಾರ್ಕೆಟ್ಟಿಗೂ ತಾನೇ ಹೋಗಿ ಬಂದಳು. ದುಡ್ಡು ಅವಳ ಖಾತೆಗೆ ಹೋಯ್ತು. ನಾನು ಕೂಗಾಡಿದೆ. "ಊಟ ಹಾಕ್ತೀನಿ, ದುಡ್ಡು ಮಾತ್ರ ಕೇಳ್ಬೇಡಿ" ಅಂದಳು.

ಆಮೇಲೆ ಭಾವನಿಗೆ. ಅದಕ್ಕೂ ಮುಂಚೆ ಒಂದು ಸಲ ದೇವರ ಮೇಲೆ ಆಣೆ ಮಾಡಿ ಒಂದೇ ಏಟಿಗೆ ಬಿಟ್ಟಿದ್ದೆ. ಎರಡನೇ ದಿನ ಕೈ ನಡುಗಿ ಕಾಫಿ ಲೋಟ ನಿಲ್ಲಲಿಲ್ಲ, ರಾತ್ರಿ ಫಿಟ್ಸ್ ಬಂತು. ಒಂದು ಕಡೆ ತೋರಿಸೋಕೆ ಹೋದರೆ, ಕುಡಿಯುವಾಗ ಗೊತ್ತಾಗಲಿಲ್ವಾ ಅಂತ ಎಲ್ಲರ ಮುಂದೆ ಕೇಳಿದರು. ನಾಚಿಕೆಯಾಗಿ ಎದ್ದು ಬಂದವನು ನೇರ ಬಾರಿಗೆ ಹೋದೆ. ಭಾವ ಬೈಯಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ಸುಮ್ನೆ ಬಸ್ ಹತ್ತಿಸಿ ಬೆಂಗಳೂರಿನ ನಿಮ್ಹಾನ್ಸಿಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರು ಕೇಳಿದ್ದು ಎಷ್ಟು ವರ್ಷದಿಂದ, ಕೊನೇ ಸಲ ಕುಡಿದಿದ್ದು ಯಾವಾಗ ಅಂತ. ವರ್ಷಗಟ್ಟಲೆ ಜಾಸ್ತಿ ಕುಡಿದವರ ಮೆದುಳು ಅದಕ್ಕೇ ಒಗ್ಗಿರುತ್ತಂತೆ, ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದಂತೆ. ಮಾತ್ರೆ ಕೊಟ್ಟು, ಆ ಮಾತ್ರೆಯನ್ನೇ ನಿಧಾನಕ್ಕೆ ಕಮ್ಮಿ ಮಾಡಿದರು, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದರು. ಇದು ಕಾಯಿಲೆ ಅಂದರು.

ಆ ಮಾತು ನನಗೆ ಬಹಳ ಹಿಡಿಸಿತು ನೋಡಿ. ಊರಿಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಕ್ಕ ಒಂದು ದಿನ ರಾಗಿ ಕೇರುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು, "ಕೈ ನಡುಗಿದ್ದು ಕಾಯಿಲೆ ಕಣೋ, ಒಪ್ಕೋತೀನಿ. ಹೆಂಡ್ತಿ ಓಲೆ ಅಡ ಇಟ್ಟಿದ್ದು ಯಾವ ಕಾಯಿಲೆ?" ಅವತ್ತು ಉರಿದು ಹೋಯ್ತು. ಅಕ್ಕಾ, ನಿನಗೂ ಥ್ಯಾಂಕ್ಸ್.

ಮೂರು ತಿಂಗಳಿಗೆ ಒಂದು ಬೀಗರ ಊಟದಲ್ಲಿ ಮತ್ತೆ ಜಾರಿದೆ. ಭಾವ ಮತ್ತೆ ಅದೇ ಬಸ್ ಹತ್ತಿಸಿದರು. ಈ ಒಂದು ವರ್ಷದ ಲೆಕ್ಕ ಅದರ ಮಾರನೇ ದಿನದಿಂದ.

ಪಾಪ ಕೈ ನಡುಗ್ತಿದೆ ಅಂತ ಬೆಳಬೆಳಗ್ಗೆ ತೊಂಬತ್ತು ಕೊಡಿಸುತ್ತಿದ್ದ ಗೆಳೆಯರೂ ಇದ್ದಾರೆ. ಅದೂ ಒಂಥರಾ ಕರುಣೆಯೇ, ಬೈಯೋಕೆ ಮನಸ್ಸು ಬರಲ್ಲ. ಥ್ಯಾಂಕ್ಸ್ ಹೇಳೋಕೂ ಆಗಲ್ಲ.

ಮನೆಯಲ್ಲಿ ಯಾರಾದರೂ ನನ್ನ ಹಾಗೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಡಾಕ್ಟರನ್ನು ಕೇಳದೆ ಒಂದೇ ಏಟಿಗೆ ಬಿಡಿಸೋಕೆ ಹೋಗಬೇಡಿ.

ಓಲೆ ಬಿಡಿಸಿ ತಂದಿದ್ದು ಹೋದ ತಿಂಗಳು. ಕೈಗೆ ಕೊಟ್ಟೆ, ಹಾಕಿಕೊಂಡಳು, ಏನೂ ಹೇಳಲಿಲ್ಲ. ಬೀರುವಿನ ಬೀಗದ ಕೈ ಮಾತ್ರ ಇನ್ನೂ ಅವಳ ಸೊಂಟದಲ್ಲೇ ಇದೆ. ಇರಲಿ.