ಹಾಡಿನ ಇಸವಿ ಎಲ್ಲಿ ಬರೆದಿದೆ?

ಸಂಪಾದಕರಿಗೆ,

ಮಾನ್ಯರೇ,

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಪದವೊಂದನ್ನು ಮನೆಯಲ್ಲೇ ಹಾಡಿ, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಯಾವುದೋ ಸಂಗೀತ ಕಂಪನಿಯ ಹೆಸರಿನಲ್ಲಿ ಕಾಪಿರೈಟ್ ಕ್ಲೇಮ್, ಅಂದರೆ ಹಕ್ಕು ತಮ್ಮದೆಂಬ ದಾವೆ, ಬರುವುದುಂಟು. ಇತ್ತ, ಹೊಸ ಸಿನಿಮಾ ಹಾಡನ್ನು ಇಡಿಯಾಗಿ ಎತ್ತಿ ಹಾಕಿಕೊಂಡ ವಿಡಿಯೊ ವರ್ಷಗಟ್ಟಲೆ ಆರಾಮಾಗಿ ಓಡುತ್ತಿರುತ್ತದೆ. ಹಕ್ಕುದಾರರೇ ಅದನ್ನು ಉಳಿಸಿಕೊಂಡು ಜಾಹೀರಾತಿನ ಹಣ ತಮಗೆ ಬರುವಂತೆ ಮಾಡಿಕೊಂಡಿರುತ್ತಾರೆ ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ. ಹೀಗಾಗಿ ಒಬ್ಬರು ‘ದಾಸರ ಪದವೂ ಕಂಪನಿಯ ಪಾಲಾಯಿತು’ ಎನ್ನುತ್ತಾರೆ, ಇನ್ನೊಬ್ಬರು ‘ಪುಕ್ಕಟೆ ಕೇಳಲು ಸಿಗುವುದಕ್ಕೆ ಎಂಥ ಕಾಪಿರೈಟು’ ಎನ್ನುತ್ತಾರೆ. ಇಬ್ಬರದೂ ತಪ್ಪು ಲೆಕ್ಕ. ಯಾವ ಹಾಡು ಎಲ್ಲರದು, ಯಾವುದು ಅಲ್ಲ ಎಂಬುದನ್ನು ತೀರ್ಮಾನಿಸುವುದು ಇಸವಿ. ಕನ್ನಡದ ಹಳೆಯ ಹಾಡುಗಳ ಮಟ್ಟಿಗೆ ಆ ಇಸವಿಯನ್ನು ಒಂದೆಡೆ ಕಲೆಹಾಕಿ ಕೊಡುವವರಿಲ್ಲ ಎಂಬುದೇ ಈ ಪತ್ರದ ತಕರಾರು.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಒಂದು ಹಾಡಿನೊಳಗೆ ಮೂರು ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯ, ಮಟ್ಟು, ಧ್ವನಿಮುದ್ರಣ. ಮೊದಲ ಎರಡಕ್ಕೆ ಕರ್ತೃ ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ. ಧ್ವನಿಮುದ್ರಣಕ್ಕೆ, ಅದು ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ. ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ, ಅವರ ಕವಿತೆಗಳು 2007ರಿಂದ ಎಲ್ಲರ ಸ್ವತ್ತು. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತದೆ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ, ತತ್ವಪದದ ಮಾತಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪದವನ್ನು ಸಿ. ಅಶ್ವತ್ಥ್ ಹಾಕಿದ ಮಟ್ಟಿನಲ್ಲಿ ಹಾಡಿದರೆ ಕಥೆ ಬೇರೆ. ಅವರು 2009ರಲ್ಲಿ ತೀರಿಕೊಂಡದ್ದರಿಂದ ಆ ಮಟ್ಟಿನ ಹಕ್ಕು 2069ರ ಕೊನೆಯವರೆಗೆ ಇದೆ. ಜೋಡಿಯಾಗಿ ಮಾಡಿದ ಕೃತಿಗೆ ಕೊನೆಯಲ್ಲಿ ತೀರಿಕೊಂಡವರ ಇಸವಿ ಹಿಡಿಯಬೇಕು. ರಾಜನ್–ನಾಗೇಂದ್ರ ಸಹೋದರರಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ಅವರು ಐವತ್ತರ ದಶಕದಲ್ಲಿ ಮಾಡಿದ ಜಂಟಿ ಸಂಯೋಜನೆಗೂ ಲೆಕ್ಕ ಮುಗಿಯುವುದು 2080ರಲ್ಲಿ.

ದಾಸರ ಪದಗಳ ವಿಷಯದಲ್ಲೂ ಇಲ್ಲೇ ಎಡವುತ್ತಾರೆ. ಸಾಹಿತ್ಯ ಹಳೆಯದೇ, ಆದರೆ ಇವತ್ತು ಕಛೇರಿಯಲ್ಲಿ ಕೇಳುವ ಎಷ್ಟೋ ದೇವರನಾಮಗಳ ಮಟ್ಟು ಕಳೆದ ಶತಮಾನದಲ್ಲಿ ಕೂರಿಸಿದ್ದು. ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಮಟ್ಟನ್ನು ‘ಸಾಂಪ್ರದಾಯಿಕ’ ಎಂದು ಬರೆದುಬಿಡುವ ಮೊದಲು ಪಾಠ ಹೇಳಿಕೊಟ್ಟ ಗುರುಗಳನ್ನೊಮ್ಮೆ ಕೇಳುವುದು ಒಳ್ಳೆಯದು.

ಈಗ ಧ್ವನಿಮುದ್ರಣ. 1964 ಅಥವಾ ಅದಕ್ಕೂ ಹಿಂದೆ ಇಲ್ಲಿ ಪ್ರಕಟವಾದ ಯಾವುದೇ ಗ್ರಾಮಫೋನ್ ತಟ್ಟೆಯ ಧ್ವನಿಮುದ್ರಣದ ಹಕ್ಕು 2024ರ ಡಿಸೆಂಬರ್ 31ಕ್ಕೇ ಮುಗಿದಿದೆ. ತ್ಯಾಗರಾಜರ ಕೀರ್ತನೆಯೋ ದಾಸರ ಪದವೋ ಸಂಪ್ರದಾಯದ ಮಟ್ಟಿನಲ್ಲೇ ಇರುವ ತಟ್ಟೆಯಾದರೆ ಮೂರೂ ಬೀಗ ತೆರೆದಿವೆ, ಧಾರಾಳವಾಗಿ ಅಂತರ್ಜಾಲಕ್ಕೆ ಏರಿಸಬಹುದು. ಅದೇ ಕಾಲದ ಸಿನಿಮಾ ಹಾಡಾದರೆ ಒಂದು ಬೀಗ ಮಾತ್ರ ತೆರೆದಿದೆ. ಗೀತರಚನೆಕಾರರ, ಸಂಗೀತ ನಿರ್ದೇಶಕರ ಇಸವಿಗಳನ್ನು ಬೇರೆಯಾಗಿ ನೋಡಬೇಕು.

ತೊಡಕೆಂದರೆ, ತಟ್ಟೆಯೊಂದು ಪ್ರಕಟವಾದದ್ದು ಯಾವಾಗ ಎಂದು ತಿಳಿಯುವುದು ಸುಲಭವಲ್ಲ. ಹತ್ತಂಗುಲದ 78 ಆರ್‌ಪಿಎಂ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಬದಿಯಲ್ಲಿ ಮೂರು, ಮೂರೂವರೆ ನಿಮಿಷದ ಹಾಡು. ನಡುವಿನ ಲೇಬಲ್ಲಿನಲ್ಲಿ ಕಂಪನಿ, ಹಾಡಿದವರ ಹೆಸರು, ರಾಗ, ಕ್ಯಾಟಲಾಗ್ ಸಂಖ್ಯೆ ಇರುತ್ತವೆ. ಇಸವಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಗೀಚಿದ ಅಥವಾ ಒತ್ತಿದ ಇನ್ನೊಂದು ಸಂಖ್ಯೆ ಕಾಣುತ್ತದೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಮುದ್ರಣದ ಗುರುತಿನ ಸಂಖ್ಯೆ. ಈ ಎರಡು ಸಂಖ್ಯೆಗಳನ್ನು ಆ ಕಾಲದ ಕಂಪನಿ ಪಟ್ಟಿಗಳೊಂದಿಗೋ, ಪತ್ರಿಕೆಗಳಲ್ಲಿ ಬಂದ ಜಾಹೀರಾತಿನೊಂದಿಗೋ ತಾಳೆ ನೋಡಿದರಷ್ಟೇ ಇಸವಿ ಸಿಗುತ್ತದೆ. ನಂತರದ ಎಲ್‌ಪಿ, ಕ್ಯಾಸೆಟ್ಟುಗಳಲ್ಲಿ ವೃತ್ತದೊಳಗೆ ‘ಪಿ’ ಅಕ್ಷರ (ಧ್ವನಿಮುದ್ರಣದ ಹಕ್ಕಿನ ಗುರುತು), ಪಕ್ಕದಲ್ಲಿ ಇಸವಿ ಇರುವುದುಂಟು. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮರುಬಿಡುಗಡೆಯ ಕ್ಯಾಸೆಟ್ಟಾದರೆ ಅಲ್ಲಿರುವುದು ಮರುಬಿಡುಗಡೆಯ ಇಸವಿಯಾಗಿರಬಹುದು.

ಮೊಬೈಲ್ ಆಪ್‌ಗಳಂತೂ ದಾರಿ ತಪ್ಪಿಸುವುದರಲ್ಲಿ ಎತ್ತಿದ ಕೈ. ಐವತ್ತರ ದಶಕದ ಹಾಡಿನ ಕೆಳಗೆ ‘2015’ ಎಂದು ತೋರಿಸುತ್ತವೆ. ಅದು ಡಿಜಿಟಲ್ ಆಗಿ ಏರಿಸಿದ ವರ್ಷ. ಪ್ರತಿ ಮುದ್ರಣಕ್ಕೂ ಕೊಡುವ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತಿನ ಸಂಖ್ಯೆಯ ಆರು, ಏಳನೆಯ ಸ್ಥಾನದಲ್ಲಿ ಒಂದು ಇಸವಿ ಇರುತ್ತದೆ. ಅದನ್ನು ಹಿಡಿದು ವಾದಿಸುವವರನ್ನೂ ನೋಡುತ್ತಿದ್ದೇವೆ. ಅದು ಸಂಖ್ಯೆ ಕೊಟ್ಟ ವರ್ಷವೇ ಹೊರತು ಹಾಡು ಹುಟ್ಟಿದ ವರ್ಷವಲ್ಲ. ಹಳೆಯ ಮುದ್ರಣದ ಗೀರು ಸದ್ದು ಅಳಿಸಿ ‘ರೀಮಾಸ್ಟರ್’ ಎಂದು ಹೆಸರಿಟ್ಟ ಮಾತ್ರಕ್ಕೆ 60 ವರ್ಷ ಮತ್ತೆ ಮೊದಲಿನಿಂದ ಶುರುವಾಗಬಾರದು ಎಂಬುದು ನಮ್ಮ ಅಭಿಪ್ರಾಯ. ಆದರೂ ಜಗಳ ಬೇಡವೆನ್ನುವವರು ಬೇರೆಯವರ ಸಿ.ಡಿ.ಯಿಂದ ನಕಲು ಮಾಡದೆ, ಸ್ವಂತ ತಟ್ಟೆಯಿಂದಲೇ ಧ್ವನಿ ಇಳಿಸಿಕೊಳ್ಳಲಿ. ಇಳಿಸುವಾಗ ತಟ್ಟೆಯ ಎರಡೂ ಬದಿಯ ಲೇಬಲ್ಲಿನ ಫೋಟೊ ತೆಗೆದಿಡಲಿ.

ಹೊರದೇಶದ ಕನ್ನಡಿಗರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ 1972ಕ್ಕೂ ಹಿಂದಿನ ಧ್ವನಿಮುದ್ರಣಗಳಿಗೆ ಬೇರೆಯೇ ಲೆಕ್ಕ. ಮೈಸೂರಿನಲ್ಲಿ ಬಂಧನ ಕಳಚಿಕೊಂಡ 1960ರ ತಟ್ಟೆ ನ್ಯೂಜೆರ್ಸಿಯಲ್ಲಿ ಇನ್ನೂ ಬಂಧನದಲ್ಲೇ ಇದೆ. ಯೂಟ್ಯೂಬಿನಲ್ಲಿ ದೇಶವಾರು ತಡೆಯುವ ಸೌಲಭ್ಯ ಇರುವುದರಿಂದ ಒಂದೇ ವಿಡಿಯೊ ಇಲ್ಲಿ ಕಂಡು ಅಲ್ಲಿ ಕಾಣದಿದ್ದರೆ ಅಚ್ಚರಿಪಡಬೇಕಿಲ್ಲ.

ಇನ್ನು ತಪ್ಪು ಕ್ಲೇಮಿನ ಮಾತು. ಯೂಟ್ಯೂಬಿನಲ್ಲಿ ಕ್ಲೇಮ್ ಹಾಕುವ ‘ಕಂಟೆಂಟ್ ಐಡಿ’ ಎಂಬ ಯಂತ್ರಕ್ಕೆ ಕಾನೂನು ಗೊತ್ತಿಲ್ಲ. ತನ್ನ ಬಳಿ ಕೊಟ್ಟಿಟ್ಟ ಧ್ವನಿಗೂ ಹೊಸ ವಿಡಿಯೊಗೂ ಹೋಲಿಕೆ ಇದೆಯೇ ಎಂದಷ್ಟೇ ನೋಡುತ್ತದೆ. ಶಾಸ್ತ್ರೀಯ ಗಾಯಕರಿಗೆ ಕ್ಲೇಮ್ ಬೀಳುವುದು ಎಷ್ಟೋ ಸಲ ಹಾಡಿನಿಂದಲ್ಲ, ಹಿಂದೆ ಮೀಟುತ್ತಿರುವ ತಂಬೂರಿಯಿಂದ. ಯಾರೋ ಒಬ್ಬರು ತಂಬೂರಿ ಆಪ್‌ನ ಶ್ರುತಿ ಹಾಕಿಕೊಂಡು ಆಲ್ಬಂ ಮಾಡುತ್ತಾರೆ, ವಿತರಕರು ಇಡೀ ಆಲ್ಬಮ್ಮನ್ನು ಕಂಟೆಂಟ್ ಐಡಿಗೆ ಸೇರಿಸುತ್ತಾರೆ. ಅಲ್ಲಿಗೆ ಅದೇ ಆಪ್ ಬಳಸಿದ ಎಲ್ಲರ ಮೇಲೂ ಕ್ಲೇಮ್. ಎಲ್ಲರಿಗೂ ಸಿಗುವ ಇಂಥ ಲೂಪುಗಳನ್ನಾಗಲಿ, ಹಕ್ಕು ಮುಗಿದ ಧ್ವನಿಯನ್ನಾಗಲಿ ಮಾದರಿಯಾಗಿ ಕೊಡಬಾರದೆಂದು ಯೂಟ್ಯೂಬಿನ ನಿಯಮವೇ ಹೇಳುತ್ತದೆ. ಪಾಲಿಸುವವರು ಕಡಿಮೆ.

ಕ್ಲೇಮ್ ಬಂದಾಗ ಹೆದರಿ ವಿಡಿಯೊ ಅಳಿಸಬೇಡಿ. ಕ್ಲೇಮ್ ಆ ವಿಡಿಯೊಗಷ್ಟೇ ಸಂಬಂಧಿಸಿದ್ದು, ಸ್ಟ್ರೈಕ್ ಎಂದರೆ ಇಡೀ ಚಾನೆಲ್ಲಿನ ಮೇಲೆ ಬೀಳುವ ಎಚ್ಚರಿಕೆಯ ಪೆಟ್ಟು. ಯೂಟ್ಯೂಬ್ ಸ್ಟುಡಿಯೊದ ವಿಡಿಯೊ ಪಟ್ಟಿಯಲ್ಲಿ ‘ಕಾಪಿರೈಟ್’ ಎಂಬ ಸೂಚನೆಯ ವಿವರ ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಹೊಂದಿಕೆಯಾಗಿದೆ, ಯಾರ ಕ್ಲೇಮ್ ಎಂದು ಕಾಣುತ್ತದೆ. ಆ ಭಾಗವನ್ನು ಕೇಳಿ ನೋಡಿ. ಹಾಡು ಶುರುವಾಗುವ ಮೊದಲಿನ ಬರೀ ಶ್ರುತಿಯ ಭಾಗವಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಆಕ್ಷೇಪಣೆಯಲ್ಲಿ ಭಾವುಕ ಮಾತು ಬೇಡ. ‘ಸಾಹಿತ್ಯ ಪುರಂದರದಾಸರದು, 16ನೇ ಶತಮಾನ, ಮಟ್ಟು ಸಾಂಪ್ರದಾಯಿಕ, ಗಾಯನ, ಪಿಟೀಲು, ಮೃದಂಗ ಇಂಥವರದು, ಇಂಥ ದಿನ ಮುದ್ರಿಸಿದ್ದು, ಬೇರೆಯವರ ಮುದ್ರಣ ಬಳಸಿಲ್ಲ, ಶ್ರುತಿ ಇಂಥ ಉಪಕರಣದ್ದು’ ಇಷ್ಟನ್ನು ಇಂಗ್ಲಿಷಿನಲ್ಲೂ ಬರೆದರೆ ಸಾಕು. ಕ್ಲೇಮ್ ಹಾಕಿದವರಿಗೆ ಉತ್ತರಿಸಲು 30 ದಿನ ಇರುತ್ತದೆ, ಸುಮ್ಮನಿದ್ದರೆ ಅದು ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ, ಅದಕ್ಕೆ ಉತ್ತರಿಸಲು ಅವರಿಗೆ 7 ದಿನ. ಜಾಹೀರಾತಿನ ಆದಾಯ ಇರುವ ಚಾನೆಲ್ಲಾದರೆ ಕ್ಲೇಮ್ ಬಂದ 5 ದಿನದೊಳಗೆ ಆಕ್ಷೇಪಿಸಬೇಕು, ಆಗ ಮೊದಲ ದಿನದಿಂದಲೂ ಹಣ ಬದಿಗಿರುತ್ತದೆ. ಮೇಲ್ಮನವಿಯನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಸ್ಟ್ರೈಕ್ ಬೀಳುತ್ತದೆ. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ದಾಖಲೆ ಇಲ್ಲದೆ ಹಟಕ್ಕೆ ಬಿದ್ದು ಮೇಲ್ಮನವಿ ಹಾಕುವುದು ಜಾಣತನವಲ್ಲ. ದಾಖಲೆ ಎಂದರೆ ಎಡಿಟ್ ಮಾಡದ ಮೂಲ ಫೈಲು, ಪಕ್ಕವಾದ್ಯದವರ ಒಪ್ಪಿಗೆ ಪತ್ರ. ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ ಎಂಬುದನ್ನು ಸಂಘಟಕರು ಮರೆತೇಬಿಡುತ್ತಾರೆ.

ಯೂಟ್ಯೂಬಿನ ಈ ನಿಯಮಗಳಲ್ಲದೆ, ತಾಣಗಳಿಗೆ ನಮ್ಮ ದೇಶದ ನಿಯಮವೂ ಇದೆ. ಹಕ್ಕುದಾರರು ಬರಹದಲ್ಲಿ ದೂರು ಕೊಟ್ಟರೆ 36 ಗಂಟೆಯೊಳಗೆ ತಾಣದವರು ಅದನ್ನು ತಡೆಹಿಡಿಯಬೇಕು, 21 ದಿನದೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಮರಳಿ ತೆರೆಯಬಹುದು. ಇದು ಹದವಾದ ಏರ್ಪಾಡು. ಹಾಡಿನ ತುಣುಕಿಗಾಗಿ ಇಡೀ ಖಾತೆಯನ್ನೇ ಮುಚ್ಚಿಸುವುದು ಹದ ಮೀರಿದ್ದು. 2022ರ ನವೆಂಬರಿನಲ್ಲಿ ರಾಜಕೀಯ ಪಕ್ಷವೊಂದರ ಟ್ವಿಟರ್ ಖಾತೆಗೆ ಬೆಂಗಳೂರಿನ ನ್ಯಾಯಾಲಯ ಹಾಗೆ ತಡೆ ಹಾಕಿದಾಗ, ಮರುದಿನವೇ ಹೈಕೋರ್ಟು ತುಣುಕು ತೆಗೆಯುವ ಷರತ್ತಿನ ಮೇಲೆ ಆ ಆದೇಶವನ್ನು ರದ್ದುಮಾಡಿತು.

ಗಣೇಶೋತ್ಸವ ಸಮಿತಿಗಳಿಗೂ ಮದುವೆ ಮನೆಯವರಿಗೂ ಒಂದು ಮಾತು. ನಿಜವಾದ ಧಾರ್ಮಿಕ ಸಮಾರಂಭದಲ್ಲಿ, ಮದುವೆ ದಿಬ್ಬಣದಲ್ಲಿ, ಮದುವೆಗೆ ಸಂಬಂಧಿಸಿದ ಸಂಭ್ರಮದಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಪೂಜೆಗೆ ಸಂಬಂಧವಿಲ್ಲದ ಟಿಕೆಟ್ಟಿನ ಆರ್ಕೆಸ್ಟ್ರಾಗೆ ಅದನ್ನು ಎಳೆಯಲಾಗದು. ಸಮಾರಂಭದ ವಿಡಿಯೊವನ್ನು ಆಮೇಲೆ ಅಂತರ್ಜಾಲಕ್ಕೆ ಏರಿಸುವುದು ಮತ್ತೊಂದೇ ಕ್ರಿಯೆ, ಯಂತ್ರ ಅಲ್ಲಿ ಹಿಡಿದೇ ಹಿಡಿಯುತ್ತದೆ. ಕ್ಯಾಮರಾದವರಿಗೆ ಮೊದಲೇ ಹೇಳಿ, ನಾದಸ್ವರ ಮತ್ತು ಮಂತ್ರದ ಧ್ವನಿಯನ್ನು ಬೇರೆ ಮೈಕಿನಲ್ಲಿ ಹಿಡಿಸಿಕೊಂಡರೆ ಆಮೇಲೆ ಸ್ಪೀಕರಿನ ಹಾಡಿರುವ ಭಾಗವನ್ನು ಕಡಿಮೆ ಮಾಡಬಹುದು. ಪರವಾನಗಿ ಕೇಳಿ ಬರುವವರನ್ನು ಯಾವ ಹಕ್ಕಿಗಾಗಿ, ಯಾರ ಪರವಾಗಿ, ಯಾವ ದರಪಟ್ಟಿಯ ಪ್ರಕಾರ ಎಂದು ಲಿಖಿತವಾಗಿ ಕೇಳಿ. ದರಪಟ್ಟಿ ಪ್ರಕಟಿಸುವುದು ಕೃತಿಸ್ವಾಮ್ಯ ಸಂಘಗಳಿಗೆ, ಅಂದರೆ ಹಕ್ಕುದಾರರ ಪರವಾಗಿ ಪರವಾನಗಿ ಕೊಡುವ ಸಂಘಗಳಿಗೆ, ಕಡ್ಡಾಯ. ಹಾಗೆಂದು ಉಡಾಫೆಯೂ ಬೇಡ. ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ ಇದೆ, 2022ರಲ್ಲಿ ಸುಪ್ರೀಂ ಕೋರ್ಟು ಇದನ್ನು ಜಾಮೀನುರಹಿತ ಅಪರಾಧವೆಂದೂ ಹೇಳಿದೆ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಡಬೇಕಾದ ಕೆಲಸವೊಂದಿದೆ. 1964ರವರೆಗಿನ ಕನ್ನಡದ ಮತ್ತು ಕರ್ನಾಟಕದ ಕಲಾವಿದರ ತಟ್ಟೆಗಳ ಪಟ್ಟಿಯೊಂದನ್ನು ಎಲ್ಲರೂ ಹುಡುಕಿ ನೋಡುವಂತೆ ಪ್ರಕಟಿಸಲಿ. ಹಾಡಿನ ಮೊದಲ ಸಾಲು, ಹಾಡಿದವರು, ಸಾಹಿತ್ಯ ಮತ್ತು ಮಟ್ಟು ಯಾರದು, ಅವರು ತೀರಿಕೊಂಡ ಇಸವಿ, ಕ್ಯಾಟಲಾಗ್ ಸಂಖ್ಯೆ, ಮ್ಯಾಟ್ರಿಕ್ಸ್ ಸಂಖ್ಯೆ, ಮೊದಲು ಪ್ರಕಟವಾದ ಇಸವಿ, ಆ ಇಸವಿಗೆ ಆಧಾರ: ಎಂಟೇ ಅಂಕಣ ಸಾಕು. ಆಧಾರದ ಅಂಕಣವನ್ನು ಬಿಡಲೇಬಾರದು. ಯೂಟ್ಯೂಬಿನ ಮುಂದೆಯೂ ನ್ಯಾಯಾಲಯದ ಮುಂದೆಯೂ ನಿಲ್ಲುವುದು ಅದೊಂದೇ. ಹಾಡುಗಳನ್ನು ಇಲಾಖೆಯೇ ಏರಿಸಬೇಕೆಂದೇನೂ ಇಲ್ಲ, ತಟ್ಟೆಗಳು ಸಂಗ್ರಾಹಕರ ಮನೆಗಳಲ್ಲಿವೆ. ಹಕ್ಕು ಇನ್ನೂ ಇರುವ ಹಾಡುಗಳಿಗೆ ಸಂಗೀತ ಕಂಪನಿಗಳು ಡಿಜಿಟಲ್ ಇಸವಿಯ ಪಕ್ಕದಲ್ಲಿ ಮೊದಲ ಬಿಡುಗಡೆಯ ಇಸವಿಯನ್ನೂ ಗೀತರಚನೆಕಾರರ ಹೆಸರನ್ನೂ ತಪ್ಪಿಲ್ಲದೆ ತುಂಬಲಿ. 2012ರ ತಿದ್ದುಪಡಿಯ ನಂತರ ಗೀತರಚನೆಕಾರರ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಆದರೆ ಆಪ್‌ನಲ್ಲಿ ಅವರ ಹೆಸರಿನ ಜಾಗ ಖಾಲಿ ಇದ್ದರೆ, ಪುಕ್ಕಟೆ ಕೇಳುವವರು ನೋಡಿದ ಜಾಹೀರಾತಿನಿಂದ ಬಂದ ಕಾಸು ಅವರ ಮನೆಯ ವಿಳಾಸ ಹುಡುಕಿಕೊಂಡು ಹೋಗುವುದಾದರೂ ಹೇಗೆ?

— ಧ್ವನಿಮುದ್ರಣ ಕಸುಬಿನ ಇಬ್ಬರು, ಮೈಸೂರು