ಹೆಸರಿಗಿಂತ ಮೊದಲು ಮಾದರಿ ಇಡಲು ಜಾಗ ಬೇಕು

ಸಂಪಾದಕರಿಗೆ,

ಮಾನ್ಯರೇ,

ವಾಡಿ ಕಡೆಯ ಗಣಿಯೊಂದರ ಜೇಡುಗಲ್ಲಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಂಡ ದುಂಡನೆಯ ಕಣಗಳು ಡೈನೊಫ್ಲಾಜೆಲೇಟ್ ಸಿಸ್ಟ್‌ಗಳೇ ಎಂದೂ, ಆ ಹೊಸ ಪ್ರಭೇದಕ್ಕೆ ಕಲಬುರಗಿಯ ಹೆಸರಿಡಬೇಕೆಂದೂ ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದಾರೆ. ಅವರ ಊರಭಿಮಾನ ಮೆಚ್ಚತಕ್ಕದ್ದೇ. ಆದರೆ ಇದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ.

ಡೈನೊಫ್ಲಾಜೆಲೇಟ್ ಎಂಬುದು ಚಾಟಿಯಂಥ ಎರಡು ಕಶಾಂಗಗಳಿಂದ ಈಜುವ ಏಕಕೋಶ ಜೀವಿ. ಇವುಗಳಲ್ಲಿ ಕೆಲವು ಪ್ರಭೇದಗಳು ವಿಶ್ರಾಂತಿಯ ಕಾಲಕ್ಕೆ ಆಮ್ಲಕ್ಕೂ ಜಗ್ಗದ ಗಟ್ಟಿ ಗೋಡೆಯ ಸಿಸ್ಟ್ ಕಟ್ಟಿಕೊಳ್ಳುತ್ತವೆ. ಪಳೆಯುಳಿಕೆಯಾಗಿ ಸಿಗುವುದು ಅದೇ. ಖಚಿತವಾಗಿ ಗುರುತಿಸಬಲ್ಲ ಇಂಥ ಸಿಸ್ಟ್‌ಗಳು ಸಾಲುಸಾಲಾಗಿ ಕಾಣಿಸುವುದು ಟ್ರಯಾಸಿಕ್ ಕಾಲದಿಂದ ಈಚೆಗೆ, ಅಂದರೆ ಸುಮಾರು 24 ಕೋಟಿ ವರ್ಷಗಳಿಂದ. ನಮ್ಮ ಶಹಾಬಾದ್ ಫರಸಿ, ಅದರ ನಡುವಿನ ಜೇಡುಗಲ್ಲು ಇವೆಲ್ಲ ಭೀಮಾ ಜಲಾನಯನದ ಪ್ರೊಟೆರೊಜೊಯಿಕ್ ಪದರಗಳು. 54 ಕೋಟಿ ವರ್ಷಕ್ಕಿಂತ ಹಳೆಯವು. ಟ್ರಯಾಸಿಕ್‌ಗಿಂತ ಹಳೆಯ ಬಂಡೆಗಳಲ್ಲಿ ಈ ಜೀವಿಗಳ ಪೂರ್ವಜರ ರಾಸಾಯನಿಕ ಸುಳಿವು ಸಿಕ್ಕಿರುವುದು ನಿಜ. ಆದರೆ ರಾಸಾಯನಿಕ ಸುಳಿವಿಗೆ ಪ್ರಭೇದದ ಹೆಸರು ಕೊಡಲು ಬರುವುದಿಲ್ಲ.

ದುಂಡಗಿದೆ, ಮುಳ್ಳಿದೆ ಎಂಬಷ್ಟರಿಂದ ಏನೂ ತೀರ್ಮಾನವಾಗದು. ಈ ಗೊಂದಲ ನೂರು ವರ್ಷಕ್ಕೂ ಮೀರಿ ನಡೆದದ್ದು. 1830ರ ದಶಕದಲ್ಲೇ ಜರ್ಮನಿಯ ಎಹ್ರೆನ್‌ಬರ್ಗ್ ಚಕಮಕಿ ಕಲ್ಲಿನ ತೆಳು ಚೂರುಗಳಲ್ಲಿ ಇಂಥ ಮುಳ್ಳುಂಡೆಗಳನ್ನು ಕಂಡಿದ್ದರು. ಅವುಗಳಲ್ಲಿ ಅನೇಕವು ಡೈನೊಫ್ಲಾಜೆಲೇಟ್ ಸಿಸ್ಟ್‌ಗಳೇ ಎಂದು ಅಮೆರಿಕದ ವಿಲಿಯಂ ಎವಿಟ್ ತೋರಿಸಿಕೊಟ್ಟದ್ದು 1961ರಲ್ಲಿ. ಅವರು ನೋಡಿದ್ದು ಎರಡು ಸಂಗತಿ. ಈಜುವ ಜೀವಿಯ ಮೈಮೇಲಿನ ಫಲಕಗಳ ಜೋಡಣೆ ಸಿಸ್ಟ್‌ನ ಮುಳ್ಳು, ಏಣುಗಳಲ್ಲಿ ಮೂಡಿದೆಯೇ? ಒಳಗಿನ ಜೀವಿ ಹೊರಬರುವಾಗ ನಿರ್ದಿಷ್ಟ ಫಲಕವೊಂದು ಕಳಚಿ ಕಿಂಡಿ ಉಳಿದಿದೆಯೇ? ಆರ್ಕಿಯೊಪೈಲ್ ಎನ್ನುವ ಈ ಕಿಂಡಿ ಯಾವ ಫಲಕದ ಜಾಗದಲ್ಲಿದೆ ಎಂಬುದರ ಮೇಲೆ ಕುಲ, ಕುಟುಂಬಗಳ ವಿಂಗಡಣೆಯೇ ನಿಂತಿದೆ. ಇದಾವುದೂ ಕಾಣದೆ ಮೂಲ ಹೇಳಲಾಗದ ಉಂಡೆಗಳನ್ನು ಎವಿಟ್ 1963ರಲ್ಲಿ ಬೇರೆ ಕಟ್ಟಿಟ್ಟು ‘ಅಕ್ರಿಟಾರ್ಕ್’ ಎಂದರು. ವಾಡಿಯ ಕಣಗಳು ನಿಜವಾಗಿ ಪಳೆಯುಳಿಕೆಗಳೇ ಆಗಿದ್ದರೆ ಸದ್ಯಕ್ಕೆ ಅವುಗಳ ಜಾಗವೂ ಅಲ್ಲೇ. ಅದರಲ್ಲಿ ಅವಮಾನವೇನೂ ಇಲ್ಲ.

ಹೊಸ ಪ್ರಭೇದ ಎನ್ನಲು ಒಂದು ಕಣ, ಒಂದು ಮೊಬೈಲ್ ಫೋಟೊ ಸಾಲದು. ಕಲ್ಲನ್ನು ಹೈಡ್ರೊಕ್ಲೋರಿಕ್, ಹೈಡ್ರೊಫ್ಲೋರಿಕ್ ಆಮ್ಲಗಳಲ್ಲಿ ಕರಗಿಸಿ ಉಳಿದದ್ದನ್ನು ಸೋಸಬೇಕು. (ಎರಡನೆಯ ಆಮ್ಲ ಚರ್ಮ ದಾಟಿ ಎಲುಬಿಗೆ ಇಳಿಯುವಂಥದು, ಕಾಲೇಜು ಹುಡುಗರು ತಕ್ಕ ವ್ಯವಸ್ಥೆಯಿಲ್ಲದೆ ದಯವಿಟ್ಟು ಮುಟ್ಟಬೇಡಿ.) ನಲ್ಲಿ ನೀರಿನಿಂದಲೋ ಗಾಳಿಯಿಂದಲೋ ಇಂದಿನ ಪರಾಗ ಸೇರಿಲ್ಲ ಎಂದು ಖಾತರಿಯಾಗಬೇಕು. ಹಲವು ಕಣಗಳನ್ನು ಅಳೆದು ಗಾತ್ರದ ವ್ಯಾಪ್ತಿ, ಗೋಡೆಯ ಪದರ, ಮುಳ್ಳಿನ ತುದಿ, ಕಿಂಡಿಯ ಆಕಾರ ಬರೆಯಬೇಕು. ಹತ್ತಿರದ ಪ್ರಭೇದಗಳಿಗಿಂತ ಯಾವುದರಲ್ಲಿ ಭಿನ್ನ ಎಂದು ಹೇಳಬೇಕು. ಕೊನೆಗೆ ಒಂದೇ ಒಂದು ಕಣವನ್ನು ಹೋಲೊಟೈಪ್, ಅಂದರೆ ಹೆಸರಿಗೆ ಆಧಾರವಾದ ಮಾದರಿ ಎಂದು ಆರಿಸಿ, ಅದು ಯಾವ ಸ್ಲೈಡಿನಲ್ಲಿ ಎಲ್ಲಿದೆ, ಆ ಸ್ಲೈಡು ಯಾವ ಸಂಸ್ಥೆಯಲ್ಲಿದೆ ಎಂದು ಚಿತ್ರ ಸಮೇತ ಪ್ರಕಟಿಸಬೇಕು. ಪಾಚಿ, ಶಿಲೀಂಧ್ರ, ಸಸ್ಯಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯೇ ಇವಕ್ಕೂ ಅನ್ವಯ.

ನನ್ನ ತಕರಾರು ಸ್ಲೈಡು ಇಡುವ ಸಂಸ್ಥೆಯ ಮಾತಿನದು. ಹೆಸರಿನ ಚರ್ಚೆಗಿಂತ, ಸ್ಲೈಡು ಎಲ್ಲಿಡುವುದು ಎಂಬ ಚರ್ಚೆ ಮೊದಲಾಗಲಿ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯಲ್ಲಿ ಅಂಥ ಸಂಗ್ರಹವಿದೆ. ಆದರೆ ಸೇಡಂ, ಚಿತ್ತಾಪುರದ ಸುಣ್ಣಕಲ್ಲು ದಿನವೂ ಸಿಮೆಂಟಾಗುತ್ತಿರುವಾಗ, ಜೇಡುಗಲ್ಲಿನ ಪದರ ಬರಿಯ ಕಸವಾಗಿ ಗುಡ್ಡೆ ಬೀಳುತ್ತಿರುವಾಗ, ಪದರ ಪದರದ ಮಾದರಿ ತೆಗೆದು ಇಲ್ಲಿಯೇ ಇಡುವವರು ಬೇಕು. ಅದೇ ರೀತಿ ಯಾದಗಿರಿಯ ಗುರುಮಠಕಲ್ ಬಳಿ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಹಳೆಯ ಸಿಹಿನೀರಿನ ಮಡ್ಡಿಯಿದೆ. ಆಸ್ಟ್ರಕಾಡ್ ಎಂಬ ಪುಟ್ಟ ಚಿಪ್ಪುಜೀವಿಗಳ, ಕ್ಯಾರೊಫೈಟ್ ಎಂಬ ಪಾಚಿಗಳ ಪಳೆಯುಳಿಕೆಗಳು ಅಲ್ಲಿಂದ ವರದಿಯಾಗಿವೆ. ಸಿಹಿನೀರಿನಲ್ಲಿ ಸಿಸ್ಟ್ ಕಟ್ಟುವ ಡೈನೊಫ್ಲಾಜೆಲೇಟ್‌ಗಳು ಕಡಿಮೆ, ಆದರೆ ಇವೆ. ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಹುಡುಕುವುದೇ ಆದರೆ ನಾನು ಮೊದಲು ಅಲ್ಲಿಗೆ ಹೋಗುತ್ತೇನೆ, ವಾಡಿಗಲ್ಲ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯೂ ಕೂಡಿ ಇದಕ್ಕೊಂದು ಕೋಣೆ, ಒಂದು ನೋಂದಣಿ ಪುಸ್ತಕ, ಒಬ್ಬ ಕಾಯಂ ಉಸ್ತುವಾರಿಯನ್ನು ಕೊಡಲಿ. ಗಣಿ ಪರವಾನಗಿ ಪಡೆದವರು ಹೊಸ ಪದರ ತೆರೆದಾಗ ಒಂದು ಚೀಲ ಕಲ್ಲು, ತೆಗೆದ ಜಾಗ ಮತ್ತು ಆಳದ ಚೀಟಿಯೊಂದಿಗೆ ಅಲ್ಲಿಗೆ ತಲುಪಿಸಲಿ. ಪತ್ರ ಬರೆದ ಓದುಗರೂ ತಮ್ಮ ವಾಡಿಯ ಸ್ಲೈಡನ್ನು ಮನೆಯಲ್ಲಿಟ್ಟುಕೊಳ್ಳದೆ, ಉಳಿದ ಕಲ್ಲಿನ ಚೂರು ಸಮೇತ, ಭೂವಿಜ್ಞಾನ ಬಲ್ಲವರ ಕೈಗೆ ಈಗಲೇ ಒಪ್ಪಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಅಧ್ಯಾಪಕ,
ಸೇಡಂ ರಸ್ತೆ, ಕಲಬುರಗಿ